ಅಮ್ಮ ಕಲಿಸಿದ ಹಾಡು, ಕೇಸು ಹಾಡಿಸಿದ ಹಾಡು: ಜಾನ್ ಲೆನನ್ ಕಥೆ

1974ರ ಅಕ್ಟೋಬರ್ ತಿಂಗಳು. ನ್ಯೂಯಾರ್ಕ್ ನಗರದ ರೆಕಾರ್ಡ್ ಪ್ಲಾಂಟ್ ಸ್ಟುಡಿಯೋದಲ್ಲಿ ಡ್ರಮ್, ಗಿಟಾರ್, ಪಿಯಾನೋ, ಸ್ಯಾಕ್ಸೋಫೋನ್ ಎಲ್ಲ ಸಜ್ಜಾಗಿದ್ದವು. ಮೈಕ್ ಮುಂದೆ ನಿಂತಿದ್ದವನು 34 ವರ್ಷದ ಜಾನ್ ಲೆನನ್. ಬೀಟಲ್ಸ್ ಎಂಬ ಬ್ಯಾಂಡ್ ಕಟ್ಟಿ ಜಗತ್ತನ್ನೇ ಕುಣಿಸಿದವನು. ಸ್ವಂತ ಹಾಡುಗಳಿಂದಲೇ ಹೆಸರು, ಹಣ ಎರಡನ್ನೂ ಮಾಡಿದವನು. ಆದರೆ ಅವತ್ತು ಹಾಡಲು ಬಂದಿದ್ದ ಹಾಡುಗಳಲ್ಲಿ ಒಂದೂ ಅವನದ್ದಲ್ಲ. ಎಲ್ಲ ಹಳೇ ಹಾಡು, ಬೇರೆಯವರ ಹಾಡು. ಅದರ ಹಿಂದೆ ಒಂದು ಕೋರ್ಟ್ ಕೇಸು ಇತ್ತು. ಅದಕ್ಕೂ ಹಿಂದೆ ಒಬ್ಬ ತಾಯಿ ಇದ್ದಳು.

ಒಬ್ಬರು ಹಾಡಿ ಹೆಸರು ಮಾಡಿದ ಹಾಡನ್ನು ಇನ್ನೊಬ್ಬರು ತಮ್ಮ ರೀತಿಯಲ್ಲಿ ಹಾಡಿದರೆ ಅದಕ್ಕೆ ಕವರ್ ಸಾಂಗ್ ಅಂತಾರೆ. ಗಣೇಶನ ಹಬ್ಬದ ಪೆಂಡಾಲಿನಲ್ಲಿ ಆರ್ಕೆಸ್ಟ್ರಾದವರು ರಾಜ್‌ಕುಮಾರ್ ಹಾಡು ಹಾಡುತ್ತಾರಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ಲೆನನ್ ಸಂಗೀತದ ಬದುಕು ಶುರುವಾಗಿದ್ದೂ ಇಂಥ ಹಾಡುಗಳಿಂದಲೇ.

ದೊಡ್ಡಮ್ಮನ ಮನೆ, ಅಮ್ಮನ ಬ್ಯಾಂಜೋ

ಜಾನ್ ಹುಟ್ಟಿದ್ದು 1940ರ ಅಕ್ಟೋಬರ್ 9ರಂದು, ಇಂಗ್ಲೆಂಡಿನ ಬಂದರು ಪಟ್ಟಣ ಲಿವರ್‌ಪೂಲ್‌ನಲ್ಲಿ. ಆಗ ಎರಡನೇ ಮಹಾಯುದ್ಧ ನಡೀತಿತ್ತು. ಅಪ್ಪ ಆಲ್ಫ್ರೆಡ್ ಹಡಗಿನ ಕೆಲಸಗಾರ. ಮನೆಯಲ್ಲಿದ್ದಿದ್ದಕ್ಕಿಂತ ಸಮುದ್ರದ ಮೇಲೆ ಇದ್ದಿದ್ದೇ ಹೆಚ್ಚು. ಅಪ್ಪ ಅಮ್ಮ ಬೇರೆಯಾದರು. ಐದಾರು ವರ್ಷದ ಹುಡುಗ ದೊಡ್ಡಮ್ಮ ಮಿಮಿಯ ಮನೆ ಸೇರಿದ.

ದೊಡ್ಡಮ್ಮ ಶಿಸ್ತಿನ ಹೆಂಗಸು. ಓದು, ಊಟ, ನಿದ್ದೆ ಎಲ್ಲ ಹೊತ್ತಿಗೆ ಸರಿಯಾಗಿ ಆಗಬೇಕು. ಗಿಟಾರ್ ಬಾರಿಸೋದು ಹವ್ಯಾಸಕ್ಕೆ ಸರಿ, ಅದರಿಂದ ಹೊಟ್ಟೆ ತುಂಬೋದಿಲ್ಲ ಅನ್ನೋದು ಆಕೆಯ ಖಡಾಖಂಡಿತ ಮಾತಾಗಿತ್ತು. ಅಮ್ಮ ಜೂಲಿಯಾ ಇದಕ್ಕೆ ತದ್ವಿರುದ್ಧ. ಆಕೆ ಅದೇ ಊರಿನಲ್ಲಿ ಬೇರೆ ಸಂಸಾರ ಹೂಡಿದ್ದಳು. ಮೀಸೆ ಚಿಗುರೋ ವಯಸ್ಸಿಗೆ ಜಾನ್ ಅಮ್ಮನ ಮನೆಗೆ ಹೋಗಿಬರೋದು ಜಾಸ್ತಿ ಆಯಿತು. ಆಕೆಗೆ ಬ್ಯಾಂಜೋ ಬಾರಿಸೋಕೆ ಬರ್ತಿತ್ತು. ಮಗನ ಗಿಟಾರಿನ ಮೇಲೆ ಬ್ಯಾಂಜೋ ಪಟ್ಟುಗಳನ್ನೇ ಹೇಳಿಕೊಟ್ಟಳು. ಹುಡುಗ ಶುರುವಿನಲ್ಲಿ ಗಿಟಾರನ್ನೂ ಬ್ಯಾಂಜೋ ಥರವೇ ಶ್ರುತಿ ಮಾಡಿಕೊಂಡು ಬಾರಿಸುತ್ತಿದ್ದ. ಅವನು ಮೊದಲು ಕಲಿತ ಹಾಡು ಅಮೆರಿಕದ ಫ್ಯಾಟ್ಸ್ ಡಾಮಿನೋ ಹಾಡಿದ್ದ ‘ಏಂಟ್ ದಟ್ ಎ ಶೇಮ್’.

ಶಾಲೆಯ ಗೆಳೆಯರನ್ನು ಕಟ್ಟಿಕೊಂಡು ಜಾನ್ ‘ಕ್ವಾರಿಮೆನ್’ ಅನ್ನೋ ತಂಡ ಮಾಡಿದ. 1957ರ ಜುಲೈ 6ರಂದು ಊರಿನ ಚರ್ಚ್ ಜಾತ್ರೆಯಲ್ಲಿ ಈ ಹುಡುಗರ ಹಾಡುಗಾರಿಕೆ ಇತ್ತು. ಪದ ಮರೆತ ಕಡೆ ಜಾನ್ ತನಗೆ ತೋಚಿದ ಪದ ಸೇರಿಸಿ ಹಾಡುತ್ತಿದ್ದ. ಅವತ್ತೇ ಅವನಿಗೆ ಪರಿಚಯವಾದವನು 15 ವರ್ಷದ ಪಾಲ್ ಮೆಕಾರ್ಟ್ನಿ. ಬೀಟಲ್ಸ್ ಕಥೆಯ ಬೀಜ ಬಿದ್ದಿದ್ದು ಅಲ್ಲೇ.

ಮುಂದಿನ ವರ್ಷ, 1958ರ ಜುಲೈ 15ರಂದು, ಜೂಲಿಯಾ ಅಕ್ಕನ ಮನೆಗೆ ಬಂದು ವಾಪಸ್ ಹೊರಟಿದ್ದಳು. ಮನೆ ಹತ್ತಿರದ ರಸ್ತೆ ದಾಟುವಾಗ ಕಾರು ಗುದ್ದಿತು. ಅಲ್ಲೇ ಜೀವ ಹೋಯಿತು. ಜಾನ್‌ಗೆ ಆಗ 17 ವರ್ಷ. ಐದನೇ ವಯಸ್ಸಿಗೆ ದೂರವಾಗಿ ಆಮೇಲೆ ಸಿಕ್ಕ ಅಮ್ಮ, ಎರಡನೇ ಸಲ ಕಳೆದುಹೋದಳು. ಉಳಿದಿದ್ದು ಆಕೆ ಕಲಿಸಿದ ಹಾಡು.

ಬೇರೆಯವರ ಹಾಡಿನಲ್ಲೇ ಪಳಗಿದ ತಂಡ

1960ರ ಆಗಸ್ಟ್‌ನಲ್ಲಿ ಬೀಟಲ್ಸ್ ತಂಡ ಜರ್ಮನಿಯ ಹ್ಯಾಂಬರ್ಗ್‌ಗೆ ಹೊರಟಿತು. ಕುಡಿಯೋರು, ಹಡಗಿನವರು, ಜಗಳಗಂಟರು ಸೇರೋ ಕ್ಲಬ್ಬುಗಳು ಅವು. ರಾತ್ರಿ ಗಂಟೆಗಟ್ಟಲೆ ನಿಂತು ಹಾಡಬೇಕು. ಅಷ್ಟು ಹೊತ್ತು ಹಾಡೋಕೆ ಸ್ವಂತ ಹಾಡು ಎಲ್ಲಿಂದ ಬರಬೇಕು? ಚಕ್ ಬೆರಿ, ಲಿಟಲ್ ರಿಚರ್ಡ್, ಬಡ್ಡಿ ಹಾಲಿ, ಜೀನ್ ವಿನ್ಸೆಂಟ್ ಮುಂತಾದ ಅಮೆರಿಕನ್ನರ ಹಾಡುಗಳೇ ಬಂಡವಾಳ. ಕಚ್ಚಾ ಹುಡುಗರು ಅಲ್ಲಿ ಪಕ್ಕಾ ಆದರು.

1963ರ ಫೆಬ್ರವರಿ 11ರಂದು ಲಂಡನ್ನಿನ ಇಎಂಐ ಸ್ಟುಡಿಯೋದಲ್ಲಿ ಒಂದೇ ದಿನ 10 ಹಾಡು ರೆಕಾರ್ಡ್ ಆದವು. ಮೊದಲ ಆಲ್ಬಂನ 14 ಹಾಡುಗಳಲ್ಲಿ 6 ಕವರ್ ಸಾಂಗ್. ದಿನದ ಕೊನೆಗೆ ‘ಟ್ವಿಸ್ಟ್ ಅಂಡ್ ಶೌಟ್’ ಬಾಕಿ ಇತ್ತು. ಲೆನನ್‌ಗೆ ನೆಗಡಿ, ಗಂಟಲು ಕಟ್ಟಿತ್ತು. ಆ ಕಟ್ಟಿದ ಗಂಟಲಲ್ಲೇ ಕಿರುಚಿ ಹಾಡಿದ. ಇಂದಿಗೂ ಜನ ಕೇಳೋದು ಅದನ್ನೇ.

ಆಮೇಲೆ ಸ್ವಂತ ಹಾಡುಗಳ ಕಾಲ. 1968ರಲ್ಲಿ ತಂಡ ನಮ್ಮ ಹೃಷಿಕೇಶಕ್ಕೂ ಬಂತು. ಮಹರ್ಷಿ ಮಹೇಶ್ ಯೋಗಿಗಳ ಆಶ್ರಮದಲ್ಲಿ ಧ್ಯಾನಕ್ಕೆ ಕೂತವರು ಅಲ್ಲೇ ಹಲವು ಹಾಡು ಬರೆದರು.

ಒಂದು ಸಾಲು ತಂದ ಕೇಸು

1969ರಲ್ಲಿ ಲೆನನ್ ‘ಕಮ್ ಟುಗೆದರ್’ ಬರೆದ. ಅದು ಚಕ್ ಬೆರಿಯ 1956ರ ‘ಯೂ ಕಾಂಟ್ ಕ್ಯಾಚ್ ಮಿ’ ಹಾಡಿನ ಥರ ಇದೆ ಅಂತ ಪಾಲ್ ಆಗಲೇ ಗುರುತಿಸಿದ್ದ. ಅದಕ್ಕೇ ಹಾಡಿನ ಓಟ ನಿಧಾನ ಮಾಡಿದರು. ಆದರೆ ಹಳೇ ಹಾಡನ್ನು ನೆನಪಿಸೋ ಒಂದು ಸಾಲು ಹಾಗೇ ಉಳಿಯಿತು.

ಕೇಸು ಹಾಕಿದ್ದು ಚಕ್ ಬೆರಿ ಅಲ್ಲ. ಆ ಹಾಡಿನ ಹಕ್ಕು ಇದ್ದಿದ್ದು ಬಿಗ್ ಸೆವೆನ್ ಮ್ಯೂಸಿಕ್ ಕಂಪನಿ ಕೈಯಲ್ಲಿ. ಅದರ ಮಾಲೀಕ ನ್ಯೂಯಾರ್ಕಿನ ಮಾರಿಸ್ ಲೆವಿ. ಬೆರಿಗೂ ಲೆನನ್‌ಗೂ ಮುನಿಸೇನೂ ಇರಲಿಲ್ಲ. 1972ರಲ್ಲಿ ಇಬ್ಬರೂ ಟಿವಿಯಲ್ಲಿ ಒಟ್ಟಿಗೆ ನಿಂತು ಹಾಡಿದ್ದರು. ಹಾಡು ಕಟ್ಟಿದವನು ಒಬ್ಬ, ಕಾಗದಪತ್ರ ಹಿಡಿದವನು ಇನ್ನೊಬ್ಬ ಅನ್ನೋ ಹಾಗೆ ಆಗಿತ್ತು.

1973ರ ಅಕ್ಟೋಬರ್‌ನಲ್ಲಿ ಕೇಸು ರಾಜಿ ಆಯಿತು. ಲೆನನ್ ತನ್ನ ಮುಂದಿನ ಆಲ್ಬಂನಲ್ಲಿ ಲೆವಿ ಕಂಪನಿಯ ಮೂರು ಹಾಡು ಹಾಡಬೇಕು, ಇದು ಕರಾರು. ಹೇಗೂ ಮೂರು ಹಾಡಬೇಕು, ಚಿಕ್ಕಂದಿನಿಂದ ಇಷ್ಟಪಟ್ಟ ಹಾಡುಗಳದ್ದೇ ಒಂದು ಪೂರ್ತಿ ಆಲ್ಬಂ ಮಾಡೋಣ ಅಂತ ಲೆನನ್ ಹೊರಟ.

ಆದರೆ ಕಾಲ ಸರಿ ಇರಲಿಲ್ಲ. ಬೀಟಲ್ಸ್ ಒಡೆದು ಮೂರು ವರ್ಷ ಆಗಿತ್ತು. ಹೆಂಡತಿ ಯೋಕೋ ಓನೋಳಿಂದ ದೂರವಾಗಿ ಲೆನನ್ ಲಾಸ್ ಏಂಜಲೀಸ್ ಸೇರಿದ್ದ. ಕುಡಿತ ಮಿತಿ ಮೀರಿತ್ತು. ನಿರ್ಮಾಪಕ ಫಿಲ್ ಸ್ಪೆಕ್ಟರ್ ಕೂಡ ಹದ್ದುಬಸ್ತಿನ ಮನುಷ್ಯ ಅಲ್ಲ. ಸ್ಟುಡಿಯೋ ತುಂಬ ವಾದ್ಯಗಾರರು, ಬಾಟಲಿ, ಗಲಾಟೆ. ಒಂದು ರಾತ್ರಿ ಸ್ಪೆಕ್ಟರ್ ಸ್ಟುಡಿಯೋದಲ್ಲೇ ಪಿಸ್ತೂಲಿನಿಂದ ಗುಂಡು ಹಾರಿಸಿದ. ಕೊನೆಗೆ ರೆಕಾರ್ಡ್ ಆದ ಟೇಪುಗಳನ್ನೆಲ್ಲ ತನ್ನ ಬಳಿಯೇ ಇಟ್ಟುಕೊಂಡು ಕೈಗೆ ಸಿಗದಂತಾದ. 1974ರ ನಡುವಿನಲ್ಲಿ ರೆಕಾರ್ಡ್ ಕಂಪನಿ ಸುಮಾರು 90 ಸಾವಿರ ಡಾಲರ್ ಕೊಟ್ಟು ಟೇಪು ಬಿಡಿಸಿಕೊಂಡಿತು. ಕೇಳಿ ನೋಡಿದರೆ ಹೆಚ್ಚಿನವು ಕೆಲಸಕ್ಕೆ ಬಾರದವು. ಆಲ್ಬಂಗೆ ಉಳಿದಿದ್ದು ನಾಲ್ಕೇ ಹಾಡು.

ಅಷ್ಟರಲ್ಲಿ ಲೆನನ್‌ನ ಇನ್ನೊಂದು ಆಲ್ಬಂ ಮಾರುಕಟ್ಟೆಗೆ ಬಂತು. ಲೆವಿಯ ಹಾಡುಗಳಲ್ಲಿ ಒಂದರ ತುಣುಕು ಮಾತ್ರ ಅದರಲ್ಲಿತ್ತು. ಲೆನನ್‌ನ ಮೊದಲ ಹೆಂಡತಿಯ ಮಗ, 11 ವರ್ಷದ ಜೂಲಿಯನ್ ಡ್ರಮ್ ಬಾರಿಸಿದ್ದ ತಮಾಷೆಯ ತುಣುಕು. ಕರಾರು ಮುರಿದಿದ್ದೀರಿ ಅಂತ ಲೆವಿ ತಿರುಗಿಬಿದ್ದ.

ಐದು ದಿನದಲ್ಲಿ ಮುಗಿದ ಕೆಲಸ

ಈ ಸಲ ಲೆನನ್ ಕುಡಿತ ಬದಿಗಿಟ್ಟು ಕೆಲಸಕ್ಕೆ ಇಳಿದ. ತಾನೇ ನಿರ್ಮಾಪಕ. ಅಭ್ಯಾಸ ನಡೆದಿದ್ದು ಲೆವಿಯ ತೋಟದ ಮನೆಯಲ್ಲೇ! ಡ್ರಮ್‌ಗೆ ಜಿಮ್ ಕೆಲ್ಟ್ನರ್, ಗಿಟಾರ್‌ಗೆ ಜೆಸ್ಸಿ ಎಡ್ ಡೇವಿಸ್, ಬೇಸ್ ಗಿಟಾರ್‌ಗೆ ಕ್ಲಾಸ್ ವೂರ್ಮನ್. ಈ ವೂರ್ಮನ್ ಹ್ಯಾಂಬರ್ಗ್ ಕ್ಲಬ್ಬಿನ ಕಾಲದ ಗೆಳೆಯ, ಅದೇ ಹಾಡುಗಳನ್ನು ಹುಡುಗ ಲೆನನ್ ಬಾಯಲ್ಲಿ ಕೇಳಿದ್ದವನು. 1974ರ ಅಕ್ಟೋಬರ್ 21ರಿಂದ 25ರವರೆಗೆ, ಐದೇ ದಿನದಲ್ಲಿ ಬಾಕಿ ಹಾಡುಗಳ ರೆಕಾರ್ಡಿಂಗ್ ಆಯಿತು. ಲಾಸ್ ಏಂಜಲೀಸ್‌ನಲ್ಲಿ ತಿಂಗಳುಗಟ್ಟಲೆ ಆಗದ ಕೆಲಸ ಅದು. ಆ ಹಾಡುಗಳ ಪಟ್ಟಿಯಲ್ಲಿ ಅಮ್ಮ ಕಲಿಸಿದ ‘ಏಂಟ್ ದಟ್ ಎ ಶೇಮ್’ ಕೂಡ ಇತ್ತು.

ಆದರೆ ಒಂದು ಎಡವಟ್ಟು ಆಯಿತು. ಕೆಲಸ ಎಲ್ಲಿಗೆ ಬಂತು ಅಂತ ತೋರಿಸೋಕೆ ಲೆನನ್ ಒಂದು ಕಚ್ಚಾ ಟೇಪನ್ನು ಲೆವಿಗೆ ಕೊಟ್ಟ. ಟಿವಿ ಜಾಹೀರಾತಿನ ಮೂಲಕ ಆಲ್ಬಂ ಮಾರೋ ಬಗ್ಗೆ ಇಬ್ಬರ ನಡುವೆ ಬಾಯಿಮಾತಿನ ಚರ್ಚೆ ನಡೆದಿತ್ತು. ಸಹಿ, ಪತ್ರ ಏನೂ ಆಗಿರಲಿಲ್ಲ. ಲೆವಿ ಅದೇ ಕಚ್ಚಾ ಟೇಪಿನಿಂದ ‘ರೂಟ್ಸ್’ ಅನ್ನೋ ಹೆಸರಿನ ರೆಕಾರ್ಡ್ ಅಚ್ಚು ಹಾಕಿಸಿ ಮಾರೋಕೆ ಶುರು ಮಾಡಿದ. ಲೆನನ್ ಕಂಪನಿ ಗಡಿಬಿಡಿಯಲ್ಲಿ 1975ರ ಫೆಬ್ರವರಿಯಲ್ಲಿ ಅಸಲಿ ಆಲ್ಬಂ ಬಿಡುಗಡೆ ಮಾಡಿತು. ಹೆಸರು ‘ರಾಕ್ ಅಂಡ್ ರೋಲ್’. ಬ್ರಿಟನ್, ಅಮೆರಿಕ ಎರಡೂ ಕಡೆ 6ನೇ ಸ್ಥಾನದವರೆಗೆ ಏರಿತು.

ಮತ್ತೆ ಕೋರ್ಟು. 1976ರಲ್ಲಿ ತೀರ್ಪು ಬಂತು. ಮೊದಲಿನ ಕರಾರು ಪಾಲಿಸದ್ದಕ್ಕೆ ಲೆವಿ ಕಂಪನಿಗೆ ಸಿಕ್ಕಿದ್ದು 6,795 ಡಾಲರ್. ಬಾಯಿಮಾತಿನ ಟಿವಿ ವ್ಯವಹಾರವನ್ನು ಕೋರ್ಟ್ ಕರಾರು ಅಂತ ಒಪ್ಪಲಿಲ್ಲ. ‘ರೂಟ್ಸ್’ನಿಂದಾದ ನಷ್ಟಕ್ಕೆ ಲೆವಿಯೇ ಲೆನನ್‌ಗೆ ಅದರ ಹಲವು ಪಟ್ಟು ಕೊಡಬೇಕಾಗಿ ಬಂತು.

ಬಾಗಿಲಲ್ಲಿ ನಿಂತ ಹುಡುಗ

ಆಲ್ಬಂ ಕವರ್ ನೋಡಿದರೆ ಒಂದು ಹಳೇ ಫೋಟೋ. ಹ್ಯಾಂಬರ್ಗ್‌ನಲ್ಲಿ 1961ರಲ್ಲಿ ಯೂರ್ಗನ್ ವೋಲ್ಮರ್ ತೆಗೆದದ್ದು. ಚರ್ಮದ ಜಾಕೆಟ್ ಹಾಕಿಕೊಂಡು 20 ವರ್ಷದ ಲೆನನ್ ಒಂದು ಬಾಗಿಲಿಗೆ ಒರಗಿ ನಿಂತಿದ್ದಾನೆ. ಅವನ ಮುಂದೆ ಮಸುಕು ಮಸುಕಾಗಿ ನಡೆದುಹೋಗುತ್ತಿರುವವರು ಅವನ ತಂಡದ ಗೆಳೆಯರೇ. ಹೆಸರಿಲ್ಲ, ಹಣವಿಲ್ಲ, ಕೇಸಿಲ್ಲ. ಬೇರೆಯವರ ಹಾಡನ್ನು ಬರೀ ಖುಷಿಗೆ, ಹೊಟ್ಟೆಪಾಡಿಗೆ ಹಾಡುತ್ತಿದ್ದ ಕಾಲ ಅದು.

ಆಲ್ಬಂನ ಕೊನೆಯ ಹಾಡು ‘ಜಸ್ಟ್ ಬಿಕಾಸ್’. ಅದು ಮುಗಿಯೋ ಹೊತ್ತಿಗೆ ಲೆನನ್ ಹಾಡೋದು ಬಿಟ್ಟು ಕೇಳುಗರಿಗೆ ವಿದಾಯ ಹೇಳುತ್ತಾನೆ. ಅದು ನಿಜವೇ ಆಯಿತು. ಯೋಕೋ ಜೊತೆ ಮತ್ತೆ ಒಂದಾದ. 1975ರ ಅಕ್ಟೋಬರ್ 9ರಂದು, ತನ್ನ ಹುಟ್ಟುಹಬ್ಬದ ದಿನವೇ, ಮಗ ಶಾನ್ ಹುಟ್ಟಿದ. ಲೆನನ್ ಸ್ಟುಡಿಯೋ ಬಿಟ್ಟು ಮನೆ ಹಿಡಿದ. ಅಪ್ಪ ಸಮುದ್ರದ ಮೇಲಿದ್ದ, ಅಮ್ಮ ಬೇರೆ ಮನೆಯಲ್ಲಿದ್ದಳು; ಈ ಮಗುವಿಗೆ ಮಾತ್ರ ಅಪ್ಪ ದಿನಪೂರ್ತಿ ಮನೆಯಲ್ಲೇ ಸಿಕ್ಕ.

ಐದು ವರ್ಷ ಹೊಸ ಆಲ್ಬಂ ಬರಲಿಲ್ಲ. 1980ರ ನವೆಂಬರ್‌ನಲ್ಲಿ ‘ಡಬಲ್ ಫ್ಯಾಂಟಸಿ’ ಬಂತು. ಮೂರು ವಾರಕ್ಕೆ, ಡಿಸೆಂಬರ್ 8ರ ರಾತ್ರಿ, ನ್ಯೂಯಾರ್ಕಿನ ತನ್ನ ಮನೆಯ ಬಾಗಿಲಲ್ಲೇ ಲೆನನ್ ಗುಂಡೇಟಿಗೆ ಬಲಿಯಾದ. ವಯಸ್ಸು 40. ಮಗ ಶಾನ್‌ಗೆ ಆಗ ಐದು ವರ್ಷ, ಜಾನ್ ದೊಡ್ಡಮ್ಮನ ಮನೆ ಸೇರಿದಾಗ ಇದ್ದಷ್ಟೇ ವಯಸ್ಸು.