ಅರಮನೆಯ ಅಲಂಕಾರವಾಗದ ಪಿಯಾನೋ

ಎಂಜಿನಿಯರಿಂಗ್ ಓದುವವರಿಗೆ ಜಯಚಾಮರಾಜೇಂದ್ರ ಎಂದೊಡನೆ ನೆನಪಾಗುವುದು ಮೈಸೂರಿನ ಕಾಲೇಜು. ಆ ಹೆಸರಿನ ಹಿಂದೆ ಪಿಯಾನೋ ವಾದಕನಾಗುವ ಕನಸು ಕಂಡಿದ್ದ ಯುವಕನೊಬ್ಬನಿದ್ದಾನೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

19ನೇ ಶತಮಾನದ ಯುರೋಪಿನಲ್ಲಿ ಅನುಕೂಲಸ್ಥರ ಮನೆಯೆಂದರೆ ಹಾಲ್‌ನಲ್ಲಿ ಪಿಯಾನೋ ಇರಬೇಕಿತ್ತು. ನುಡಿಸುವವರು ಇಲ್ಲದಿದ್ದರೂ ಅದು ಮನೆಯವರ ಅಂತಸ್ತು ಹೇಳುತ್ತಿತ್ತು. ತೂಗುದೀಪ, ನಿಲುವುಗನ್ನಡಿಗಳ ಜತೆ ಪಿಯಾನೋ ನಮ್ಮ ಅರಮನೆಗಳಿಗೂ ಬಂತು. ಆದರೆ ಮೈಸೂರಿನಲ್ಲಿ ಅದು ಬರೀ ಅಲಂಕಾರವಾಗಿ ಉಳಿಯಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ವೀಣೆ, ಪಿಟೀಲು, ಪಿಯಾನೋ ಸೇರಿದಂತೆ ಎಂಟು ವಾದ್ಯ ನುಡಿಸಬಲ್ಲವರಾಗಿದ್ದರು. ಅವರ ತಮ್ಮನ ಮಗನೇ ಜಯಚಾಮರಾಜ ಒಡೆಯರ್.

1919ರ ಜುಲೈ 18ರಂದು ಜನಿಸಿದ ಅವರು ಚಿಕ್ಕಂದಿನಿಂದಲೇ ಪಿಯಾನೋ ಕಲಿತರು. ವೇದಿಕೆಯ ವಾದಕನಾಗಬೇಕೆಂಬ ಆಸೆಯಿತ್ತು. ಆದರೆ 1940ರ ಮಾರ್ಚ್‌ನಲ್ಲಿ ತಂದೆ, ಆಗಸ್ಟ್‌ನಲ್ಲಿ ದೊಡ್ಡಪ್ಪ ತೀರಿಕೊಂಡರು. 21ನೇ ವಯಸ್ಸಿಗೆ, ಅಂದರೆ ನಾವು ಕ್ಯಾಂಪಸ್ ಸಂದರ್ಶನಕ್ಕೆ ತಯಾರಾಗುವ ವಯಸ್ಸಿಗೆ, ಸಿಂಹಾಸನ ಏರಬೇಕಾಯಿತು. ಕನಸು ಅಲ್ಲಿಗೆ ಮುಗಿಯಿತು.

ಸಂಗೀತ ಮಾತ್ರ ಮುಗಿಯಲಿಲ್ಲ. ರಾಜ್ಯಭಾರದ ನಡುವೆಯೇ 1945ರಲ್ಲಿ ಲಂಡನ್‌ನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದರು. ರಷ್ಯಾದಿಂದ ಬಂದು ಲಂಡನ್‌ನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಕಾರ ಆಗ ಮುಪ್ಪು, ಅನಾರೋಗ್ಯದಲ್ಲಿದ್ದರು. ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಧ್ವನಿಮುದ್ರಿಸಲು ಮಹಾರಾಜರು ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ಆ ಧ್ವನಿಮುದ್ರಣಗಳನ್ನು ಇಂದಿಗೂ ಕೇಳಬಹುದು.

ಇತ್ತ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತು, ವಾಸುದೇವಾಚಾರ್ಯರ ಒಡನಾಟದಲ್ಲಿ ಶ್ರೀವಿದ್ಯಾ ಅಂಕಿತದ 94 ಕೃತಿಗಳನ್ನು ರಚಿಸಿದರು. 1947ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. ಮುಂದೆ ಅವರು ಮೈಸೂರು ಮತ್ತು ಮದ್ರಾಸ್ ರಾಜ್ಯಗಳ ರಾಜ್ಯಪಾಲರಾದರು. 1974ರ ಸೆಪ್ಟೆಂಬರ್ 23ರಂದು ನಿಧನರಾದರು.

ಪಿಯಾನೋ ಒಂದು ಯಂತ್ರವೂ ಹೌದು. ಇನ್ನೂರಕ್ಕೂ ಹೆಚ್ಚು ತಂತಿಗಳ ಒಟ್ಟು ಎಳೆತ ಹದಿನೈದು ಟನ್‌ಗೂ ಮಿಗಿಲು. ಅದನ್ನು ತಾಳಿಕೊಳ್ಳಲು ಒಳಗೆ ಎರಕದ ಕಬ್ಬಿಣದ ಚೌಕಟ್ಟು ಬೇಕು. ತೇವಕ್ಕೆ ಮರ ಉಬ್ಬುತ್ತದೆ, ಶ್ರುತಿ ತಪ್ಪುತ್ತದೆ. ಮುಚ್ಚಿಟ್ಟರೆ ಸುತ್ತಿಗೆಗಳ ಉಣ್ಣೆಗೆ ನುಸಿ ಹಿಡಿಯುತ್ತದೆ. ಮುಟ್ಟದೆ ಇಟ್ಟ ವಾದ್ಯ ಹೊರಗಿನಿಂದ ಹೊಳೆಯುತ್ತಲೇ ಒಳಗೆ ಹಾಳಾಗುತ್ತದೆ.

ನಂದಿಕೂರು, ಕಾಪು ಕಡೆಯ ಹೊಸ ಮನೆಗಳಲ್ಲಿ ಇದನ್ನು ಕಂಡಿದ್ದೇನೆ. ಅಜ್ಜನ ಹಾರ್ಮೋನಿಯಂಗೆ ಪಾಲಿಶ್ ಹೊಡೆದು ಶೋಕೇಸ್‌ನಲ್ಲಿ ಇಟ್ಟಿರುತ್ತಾರೆ, ತಿದಿ ಹರಿದಿರುತ್ತದೆ. ಮುಚ್ಚಿಗೆ ಒಡೆದ ಮದ್ದಳೆ ಮೂಲೆಯಲ್ಲಿ ಅಂದಕ್ಕೆ ನಿಂತಿರುತ್ತದೆ. ಹಿರಿಯರ ನೆನಪಿಗೆ ಇಡುವುದು ತಪ್ಪಲ್ಲ. ಆದರೆ ಆ ಅಜ್ಜನಿಗೆ ಮನೆಯಲ್ಲಿ ಗೌರವ ತಂದದ್ದು ಪೆಟ್ಟಿಗೆಯಲ್ಲ, ಅವರ ಬೆರಳು.

ಸೆಮಿಸ್ಟರ್, ಕೋಚಿಂಗ್, ಕೆಲಸದ ಹುಡುಕಾಟದ ನಡುವೆ ನಮ್ಮಲ್ಲಿ ಹಲವರು ಕೊಳಲು, ಗಿಟಾರ್, ಚೆಂಡೆ ಬಿಟ್ಟಿದ್ದೇವೆ. ರಾಜ್ಯವನ್ನೇ ಹೊತ್ತವರು ವೀಣೆಗೆ ಸಮಯ ಮಾಡಿಕೊಂಡರು. ಭಾನುವಾರ ಅರ್ಧ ಗಂಟೆ ನಮಗೂ ಸಿಕ್ಕೀತು. ಮೊದಲು ಶೋಕೇಸಿನ ಬೀಗದ ಕೈ ಎಲ್ಲಿದೆ ಎಂದು ಮನೆಯಲ್ಲಿ ಕೇಳೋಣ.

- ಬಿ.ಇ. ವಿದ್ಯಾರ್ಥಿ, ನಂದಿಕೂರು