ರೋಗಿಗಳ ಪಾಲಕಿ ಸಂತ ಲಿದ್ವಿನಾ

ಎಪ್ರಿಲ್ 14ರಂದು ಸ್ಮರಿಸಲ್ಪಡುವ ಸಂತ ಲಿದ್ವಿನಾ ಹಾಲೆಂಡಿನ ಸ್ಕೀಡಾಮ್ ಪಟ್ಟಣದವರು. 1380ರಲ್ಲಿ ಬಡ ಕುಟುಂಬವೊಂದರಲ್ಲಿ, ಎಂಟು ಮಂದಿ ಗಂಡುಮಕ್ಕಳ ನಡುವೆ ಒಬ್ಬಳೇ ಮಗಳಾಗಿ ಜನಿಸಿದರು. ತಂದೆ ಪೀಟರ್ ಪಟ್ಟಣದ ರಾತ್ರಿ ಕಾವಲುಗಾರರಾಗಿದ್ದರು.

1395-96ರ ಚಳಿಗಾಲದಲ್ಲಿ ಗೆಳತಿಯರೊಂದಿಗೆ ಮಂಜುಗಡ್ಡೆಯ ಮೇಲೆ ಜಾರುತ್ತಿದ್ದಾಗ ಬಿದ್ದು ಅವರ ಪಕ್ಕೆಲುಬು ಮುರಿಯಿತು. ಆಮೇಲೆ ಅವರು ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ. ನಡೆಯುವುದು ಕಷ್ಟವಾಗಿ ಕ್ರಮೇಣ ಹಾಸಿಗೆ ಹಿಡಿದರು. ಬಲಗೈ ಸ್ವಾಧೀನ ತಪ್ಪಿತು, ಒಂದು ಕಣ್ಣಿನ ದೃಷ್ಟಿ ಹೋಯಿತು. ಮೊದಮೊದಲು ಅವರೂ ಎದೆಗುಂದಿದರು. ಪಾಪನಿವೇದನೆ ಕೇಳುತ್ತಿದ್ದ ಗುರುಗಳಾದ ಯಾನ್ ಪೋಟ್ ಅವರು ಪ್ರಭು ಯೇಸುವಿನ ಯಾತನೆಯನ್ನು ಧ್ಯಾನಿಸಲು ಕಲಿಸಿದರು. ಮುಂದೆ ಆ ಹಾಸಿಗೆಯ ಬಳಿಗೇ ಜನರು ಸಾಂತ್ವನಕ್ಕಾಗಿ ಬರತೊಡಗಿದರು. ತಮಗೆ ಬಂದುದನ್ನು ಅವರು ಬಡವರಿಗೆ ಹಂಚಿದರು. 1421ರಲ್ಲಿ ಪಟ್ಟಣದ ಅಧಿಕಾರಿಗಳು ಅವರ ಸ್ಥಿತಿಯನ್ನು ಲಿಖಿತವಾಗಿ ದೃಢೀಕರಿಸಿದರು. 1433ರ ಎಪ್ರಿಲ್ 14ರಂದು ನಿಧನರಾದ ಅವರನ್ನು 1890ರಲ್ಲಿ ಜಗದ್ಗುರು 13ನೇ ಲಿಯೋ ಸಂತರೆಂದು ಘೋಷಿಸಿದರು.

ಲಿದ್ವಿನಾರನ್ನು ಬಾಧಿಸಿದ್ದು ಮೆದುಳು ಮತ್ತು ಬೆನ್ನುಹುರಿಯ ನರಗಳನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ಇರಬಹುದೆಂದು ಕೆಲವು ವೈದ್ಯರು ಊಹಿಸಿದ್ದಾರೆ. ಈ ರೋಗವನ್ನು ಫ್ರಾನ್ಸಿನ ವೈದ್ಯ ಶಾರ್ಕೋ ಸ್ಪಷ್ಟವಾಗಿ ವಿವರಿಸಿದ್ದು 1868ರಲ್ಲಿ. 1983ರಲ್ಲಿ ಅಮೆರಿಕದ ವೈದ್ಯ ಕರ್ಟ್ಸ್‌ಕಿ ಪ್ರಕಟಿಸಿದ ಅಳತೆಗೋಲು ರೋಗಿಯ ಸ್ಥಿತಿಗೆ 0ಯಿಂದ 10ರ ವರೆಗೆ ಅಂಕ ಕೊಡುತ್ತದೆ. 6 ಎಂದರೆ ಊರುಗೋಲು ಬೇಕು. 9 ಎಂದರೆ ಹಾಸಿಗೆಯೇ ಗತಿ. ಆದರೆ ಮಧ್ಯದ ಅಂಕಗಳು ಹೆಚ್ಚಾಗಿ ನಡಿಗೆಯನ್ನೇ ನೋಡುತ್ತವೆ. ಶರೀರದ ಒಟ್ಟು ನಿಶ್ಶಕ್ತಿ ಬೇರೆಯೇ ವಿಷಯ. ಅದನ್ನು ತಿಳಿಯಲು ವೈದ್ಯರು ತೂಕ ಇಳಿದಿದೆಯೇ, ಸುಸ್ತಿದೆಯೇ, ಕೈಹಿಡಿತ ಸಡಿಲವಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ಈ ರೋಗದಲ್ಲಿ ಸುಸ್ತು, ನಿಧಾನ ನಡಿಗೆ ರೋಗದಿಂದಲೇ ಬರುವುದರಿಂದ ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ. ಆದ್ದರಿಂದ ಇತರ ಕಾಯಿಲೆ, ಕೊರತೆಗಳನ್ನೂ ಎಣಿಸಿ ಲೆಕ್ಕ ಹಾಕುವ ಕ್ರಮವೂ ಇದೆ. ಒಂದೇ ಅಂಕದ ಇಬ್ಬರು ರೋಗಿಗಳಲ್ಲಿ ಒಬ್ಬರು ಸಣ್ಣ ಜ್ವರಕ್ಕೂ ಕುಸಿಯಬಹುದು, ಇನ್ನೊಬ್ಬರು ತಾಳಿಕೊಳ್ಳಬಹುದು.

ನಮ್ಮ ಧರ್ಮಕೇಂದ್ರಗಳಲ್ಲೂ ಮನೆಯಿಂದ ಹೊರಬರಲಾಗದವರಿದ್ದಾರೆ. ಪರಮಪ್ರಸಾದದೊಂದಿಗೆ ಅಥವಾ ಗುರಿಕಾರರೊಂದಿಗೆ ಅವರ ಮನೆಗೆ ಹೋದಾಗ ನಾವು ಸಾಮಾನ್ಯವಾಗಿ ಕೇಳುವುದು ನಡೆಯಲು ಆಗುತ್ತದೆಯೇ ಎಂದು. ಊಟ ಸೇರುತ್ತದೆಯೇ, ನಿದ್ದೆ ಬರುತ್ತದೆಯೇ, ಆರೈಕೆ ಮಾಡುವವರು ದಣಿದಿದ್ದಾರೆಯೇ ಎಂದೂ ಕೇಳೋಣ. ಹಾಸಿಗೆಯಲ್ಲಿದ್ದ ಲಿದ್ವಿನಾ ಇತರರಿಗೆ ಆಸರೆಯಾದರು. ನಮ್ಮ ರೋಗಿಗಳಿಂದಲೂ ನಾವು ಪಡೆಯುವುದು ಬಹಳವಿದೆ.