ಟ್ರಂಪ್ ಕಾರ್ಡಿನ ಏಳಡಿ ನಾಲ್ಕಿಂಚು

ಡಬ್ಲ್ಯುಡಬ್ಲ್ಯುಎಫ್ ಟ್ರಂಪ್ ಕಾರ್ಡ್ ಆಡಿದವರಿಗೆ ಈ ಪಟ್ಟಿ ಬಾಯಿಪಾಠ: ಎತ್ತರ, ತೂಕ, ಎದೆಯಳತೆ, ಬೈಸೆಪ್ಸ್, ಆಡಿದ ಫೈಟ್, ಗೆದ್ದ ಫೈಟ್. ಕೈಗೆ ಆಂಡ್ರೆ ದಿ ಜೈಂಟ್ ಬಂದರೆ ಹೆಚ್ಚು ಯೋಚಿಸುವ ಕೆಲಸವಿಲ್ಲ. ಎತ್ತರವೋ ತೂಕವೋ ಕೂಗಿದರೆ ಎದುರಿನವನ ಕಾರ್ಡು ಬಹುಪಾಲು ನಮ್ಮದೇ. ಕುಸ್ತಿ ಕಂಪನಿ ಸಾರುತ್ತಿದ್ದ ಲೆಕ್ಕದ ಪ್ರಕಾರ ಆತ 7 ಅಡಿ 4 ಇಂಚು, 520 ಪೌಂಡ್. ನಮ್ಮ ಲೆಕ್ಕದಲ್ಲಿ ಸುಮಾರು 236 ಕೆ.ಜಿ. ನಮ್ಮನ್ನು ಗೆಲ್ಲಿಸುತ್ತಿದ್ದ ಆ ಅಂಕಿಗಳ ಹಿಂದೆ ಒಂದು ಕಾಯಿಲೆ ಇತ್ತು ಎಂಬುದು ಕಾರ್ಡಿನಲ್ಲಿ ಇರಲಿಲ್ಲ.

ಆಂಡ್ರೆ ರೆನೆ ರೂಸಿಮಾಫ್ ಹುಟ್ಟಿದ್ದು 1946ರ ಮೇ 19ರಂದು, ಫ್ರಾನ್ಸಿನಲ್ಲಿ. ಅಪ್ಪ ಬಲ್ಗೇರಿಯಾದಿಂದ, ಅಮ್ಮ ಪೋಲೆಂಡಿನಿಂದ ಬಂದವರು. ಮೊಲಿಯೆನ್ ಎಂಬ ಪುಟ್ಟ ಹಳ್ಳಿಯ ರೈತ ಕುಟುಂಬ ಅದು. ಹುಡುಗ ಹತ್ತು ಹನ್ನೆರಡರ ಹೊತ್ತಿಗೇ ದೊಡ್ಡವರ ಎತ್ತರಕ್ಕೆ ಬೆಳೆದುಬಿಟ್ಟಿದ್ದ. ಮುಂದೆ ನೊಬೆಲ್ ಪಡೆದ ಸಾಹಿತಿ ಸ್ಯಾಮುಯೆಲ್ ಬೆಕೆಟ್ ಆ ಕಡೆಯೇ ಮನೆ ಮಾಡಿಕೊಂಡಿದ್ದರು. ಶಾಲೆಗೆ ಹೋಗುವ ಮಕ್ಕಳನ್ನು ತಮ್ಮ ಗಾಡಿಯಲ್ಲಿ ಹತ್ತಿಸಿಕೊಳ್ಳುತ್ತಿದ್ದರು, ಅವರಲ್ಲಿ ಆಂಡ್ರೆಯೂ ಒಬ್ಬ ಎಂಬ ಮಾತು ಬಹಳ ಪ್ರಸಿದ್ಧ. ನಿಜವೋ, ಬೆಳೆದು ಬಂದ ಕತೆಯೋ, ಕೇಳಲಂತೂ ಚೆನ್ನಾಗಿದೆ.

ಓದು ಬೇಗನೆ ನಿಂತಿತು. ಹೊಲದ ಕೆಲಸ, ಮರಗೆಲಸ, ಕಾರ್ಖಾನೆ, ಹೀಗೆ ಒಂದೊಂದಾಗಿ ನೋಡಿದ. ಯಾವುದೂ ಹಿಡಿಸಲಿಲ್ಲ. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಪ್ಯಾರಿಸ್‌ಗೆ ಹೊರಟ. ಹಗಲು ಮನೆ ಬದಲಿಸುವವರ ಸಾಮಾನು ಹೊರುವುದು, ರಾತ್ರಿ ಕುಸ್ತಿ ಕಲಿಯುವುದು. ಕೆಲಸ ಹುಡುಕುತ್ತಾ ಪಿ.ಜಿ. ರೂಮಿನಲ್ಲಿ ದಿನ ದೂಡುತ್ತಿರುವ ನಮ್ಮಂಥವರಿಗೆ ಈ ಭಾಗ ವಿವರಿಸಬೇಕಿಲ್ಲ.

ಯುರೋಪಿನಲ್ಲಿ ಹೆಸರು ಮಾಡಿ 1970ರಲ್ಲಿ ಜಪಾನಿಗೆ ಹೋದ. ಅಕ್ರೊಮೆಗಾಲಿ ಎಂಬ ಹೆಸರು ಆತನ ಕಿವಿಗೆ ಬಿದ್ದಿದ್ದು ಅಲ್ಲಿನ ವೈದ್ಯರಿಂದ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಬೆಳವಣಿಗೆಯ ಹಾರ್ಮೋನನ್ನು ಮಿತಿಮೀರಿ ಸುರಿಸುತ್ತದೆ. ಎಳೆಯ ವಯಸ್ಸಿನಲ್ಲಿ ಶುರುವಾದರೆ ಮೂಳೆ ಉದ್ದಕ್ಕೆ ಬೆಳೆಯುತ್ತದೆ. ಆಮೇಲೆ ಕೈ, ಕಾಲು, ದವಡೆ ದಪ್ಪವಾಗುತ್ತಾ ಹೋಗುತ್ತವೆ. ಕೀಲುಗಳು ಸವೆಯುತ್ತವೆ, ಹೃದಯ ದಣಿಯುತ್ತದೆ. ಆಂಡ್ರೆ ಚಿಕಿತ್ಸೆಗೆ ಮನಸ್ಸು ಮಾಡಲಿಲ್ಲ. ಅದು ಭಯವೋ, ಹೊಟ್ಟೆಪಾಡಿನ ಲೆಕ್ಕವೋ? ಹೊರಗಿನವರು ತೀರ್ಪು ಕೊಡುವುದು ಸುಲಭ. ಆದರೆ ಸಂಬಳ ಬರುತ್ತಿದ್ದದ್ದೇ ಆ ದೇಹ ನೋಡಿ.

1973ರಲ್ಲಿ ವಿನ್ಸ್ ಮೆಕ್‌ಮಹನ್ ಸೀನಿಯರ್ ಆತನನ್ನು ತಮ್ಮ ಕಂಪನಿಗೆ ಸೇರಿಸಿಕೊಂಡರು. ಸೋಲು ಗೆಲುವು ಮೊದಲೇ ನಿಗದಿಯಾಗಿರುವ ಆಟ ಇದು ಎಂಬುದು ನಿಮಗೆ ಗೊತ್ತೇ ಇದೆ. ಮೆಕ್‌ಮಹನ್ ಅವರ ಜಾಣತನ ಇದ್ದದ್ದು ಬೇರೆ ಕಡೆ. ಎಗರಿ ಒದೆಯುವಷ್ಟು ಚುರುಕಿದ್ದ ಹುಡುಗನಿಗೆ ಜಿಗಿಯಬೇಡ, ಬಂಡೆಯಂತೆ ನಿಲ್ಲು ಎಂಬ ಸಲಹೆ ಕೊಟ್ಟರು. ಒಂದೇ ಊರಿನಲ್ಲಿ ದಿನವೂ ಕಂಡರೆ ದೈತ್ಯನೂ ಮಾಮೂಲಿಯಾಗುತ್ತಾನೆ, ಹಾಗಾಗಿ ಊರೂರಿನ ಬೇರೆ ಕಂಪನಿಗಳಿಗೆ ಆತನನ್ನು ಎರವಲು ಕೊಡುತ್ತಿದ್ದರು. ಅಂದರೆ ಬದುಕೆಲ್ಲ ವಿಮಾನ, ಕಾರು, ಹೋಟೆಲ್. ಯಾವ ಸೀಟೂ, ಯಾವ ಹಾಸಿಗೆಯೂ ಆತನ ಅಳತೆಯದ್ದಲ್ಲ. ಕುಡಿತದ ಬಗ್ಗೆ ಎಷ್ಟೋ ದಂತಕತೆಗಳಿವೆ. ನೋವಿನ ಬಗ್ಗೆ ಹೇಳುವವರು ಕಡಿಮೆ. ಸಿಕ್ಕಸಿಕ್ಕವರನ್ನೆಲ್ಲ ಬಾಸ್ ಎಂದೇ ಕರೆಯುತ್ತಿದ್ದನಂತೆ. ನಮ್ಮ ಬೆಂಗಳೂರಿನ ಹುಡುಗರ ಹಾಗೆ!

1984ರಲ್ಲಿ ಎಲ್‌ಜೆಎನ್ ಎಂಬ ಅಮೆರಿಕದ ಕಂಪನಿ ಕುಸ್ತಿಪಟುಗಳ ರಬ್ಬರ್ ಬೊಂಬೆಗಳನ್ನು ಮಾರುಕಟ್ಟೆಗೆ ತಂದಿತು. ಸುಮಾರು ಎಂಟು ಇಂಚು, ಗಟ್ಟಿ ರಬ್ಬರ್, ಕೈಕಾಲು ಮಡಚಲು ಬಾರದು. ಅಲ್ಲಿನ ಮಕ್ಕಳು ಆಂಡ್ರೆಯನ್ನೂ ಹಲ್ಕ್ ಹೋಗನ್‌ನನ್ನೂ ಗುದ್ದಾಡಿಸಿ ಬಣ್ಣ ಕಿತ್ತುಹೋಗುವಂತೆ ಆಡಿದರು. ಆ ಹೊತ್ತಿಗೆ ನಿಜವಾದ ಆಂಡ್ರೆಗೂ ಬಗ್ಗುವುದು ಕಷ್ಟವಾಗತೊಡಗಿತ್ತು. 1986ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ ಆಯಿತು. ಅದೇ ವರ್ಷ ‘ದಿ ಪ್ರಿನ್ಸೆಸ್ ಬ್ರೈಡ್’ ಚಿತ್ರದಲ್ಲಿ ಫೆಜಿಕ್ ಎಂಬ ಮೃದು ಮನಸ್ಸಿನ ದೈತ್ಯನಾಗಿ ನಟಿಸಿದ. ನಾಯಕಿ ಆತನ ತೋಳಿಗೆ ಬೀಳುವ ದೃಶ್ಯದಲ್ಲಿ ಆಕೆಯ ಭಾರ ಹೊತ್ತಿದ್ದು ತಂತಿಗಳು, ಆತನ ತೋಳುಗಳಲ್ಲ. ಆ ಚಿತ್ರವೆಂದರೆ ಆತನಿಗೆ ಪ್ರಾಣ. ಅದರ ಟೇಪನ್ನು ಜೊತೆಗೇ ಒಯ್ದು ಸಹ ಕುಸ್ತಿಪಟುಗಳಿಗೆ ಮತ್ತೆ ಮತ್ತೆ ತೋರಿಸುತ್ತಿದ್ದ.

1987ರ ಮಾರ್ಚ್ 29. ರೆಸಲ್‌ಮೇನಿಯಾ 3, ಪಾಂಟಿಯಾಕ್‌ನ ಸಿಲ್ವರ್‌ಡೋಮ್ ಕ್ರೀಡಾಂಗಣ. ಕಂಪನಿ ಹೇಳಿದ ಲೆಕ್ಕ 93,173 ಪ್ರೇಕ್ಷಕರು. ಎದುರಾಳಿ ಹೋಗನ್. ಕಪ್ಪು ಉಡುಪಿನ ಒಳಗೆ ಆಂಡ್ರೆ ಬೆನ್ನಿಗೆ ಪಟ್ಟಿ ಬಿಗಿದುಕೊಂಡಿದ್ದ. ಹೋಗನ್ ಆತನನ್ನು ಎತ್ತಿ ನೆಲಕ್ಕೆ ಹಾಕಿದ, ಕ್ರೀಡಾಂಗಣ ಹುಚ್ಚೆದ್ದಿತು. ನನಗೆ ಆ ರಾತ್ರಿಯ ನಿಜವಾದ ಬಲಶಾಲಿ ಎತ್ತಿದವನಲ್ಲ. ಅಷ್ಟು ಭಾರದ ಮನುಷ್ಯ ಒಪ್ಪಿ ಮೈಕೊಡದೆ ಯಾರೂ ಆತನನ್ನು ಎತ್ತಲಾರರು. ಎತ್ತಿಸಿಕೊಂಡು, ಶಸ್ತ್ರಚಿಕಿತ್ಸೆಯಾದ ಬೆನ್ನಿನ ಮೇಲೆ ಬಿದ್ದು, ಇನ್ನೊಬ್ಬನನ್ನು ದೇಶದ ಹೀರೊ ಮಾಡಿ ಎದ್ದುಹೋದವನು ಆಂಡ್ರೆ.

ಮುಂದಿನ ವರ್ಷಗಳಲ್ಲಿ ರಿಂಗಿನ ಹಗ್ಗ ಹಿಡಿದುಕೊಂಡೇ ನಿಲ್ಲಬೇಕಾದ ಸ್ಥಿತಿ ಬಂತು. ಆದರೂ ಪಂದ್ಯ ಬಿಡಲಿಲ್ಲ. 1993ರ ಜನವರಿಯಲ್ಲಿ ಅಪ್ಪ ತೀರಿಕೊಂಡರು. ಅಂತ್ಯಕ್ರಿಯೆಗೆಂದು ಫ್ರಾನ್ಸಿಗೆ ಹೋದ ಆಂಡ್ರೆ ಅದೇ ತಿಂಗಳ ಕೊನೆಯಲ್ಲಿ ಪ್ಯಾರಿಸ್‌ನ ಹೋಟೆಲ್ ಕೋಣೆಯೊಂದರಲ್ಲಿ, ನಿದ್ದೆಯಲ್ಲೇ, ಹೃದಯ ವೈಫಲ್ಯದಿಂದ ಹೋಗಿಬಿಟ್ಟ. ವಯಸ್ಸು 46.

ಡಬ್ಲ್ಯುಡಬ್ಲ್ಯುಎಫ್ ಆ ವರ್ಷ ಹಾಲ್ ಆಫ್ ಫೇಮ್ ಶುರು ಮಾಡಿತು. ಮೊದಲ ವರ್ಷ ಸೇರಿದ್ದು ಒಂದೇ ಹೆಸರು, ಆತನದು. ನಾರ್ತ್ ಕ್ಯಾರೊಲಿನಾದ ಎಲರ್ಬಿ ಬಳಿ ಉದ್ದ ಕೊಂಬಿನ ದನಗಳನ್ನು ಸಾಕಿಕೊಂಡು ಆತ ನೆಮ್ಮದಿಯಾಗಿರುತ್ತಿದ್ದ ತೋಟವೊಂದಿತ್ತು. ಬೂದಿಯನ್ನು ಅಲ್ಲಿ ಚೆಲ್ಲಿದರು.